ಹೊಳಪು ಆಮೇಲೆ, ಸಂದು ಮೊದಲು: ಬಣ್ಣವಿಲ್ಲದ ಅಲ್ಯೂಮಿನಿಯಂ ಕಾರಿಗೆ ಹದಿಮೂರು ಸೂತ್ರಗಳು

ಕಾರನ್ನು ಮನೆಯ ಗ್ಯಾರೇಜಿನಲ್ಲೇ ಕಟ್ಟಿಕೊಳ್ಳುವ ಹುಚ್ಚು ಇಂಗ್ಲೆಂಡಿನವರಿಗೆ ಹಳೆಯದು. 1957ರಲ್ಲಿ ಕಾಲಿನ್ ಚಾಪ್ಮನ್ ಅವರ ಲೋಟಸ್ ಸೆವೆನ್ ಬಂತು. ಜೋಡಿಸದ ಬಿಡಿಭಾಗಗಳನ್ನು ಕೊಂಡು ತಾವೇ ಕಟ್ಟಿಕೊಂಡರೆ ತೆರಿಗೆ ಉಳಿಯುತ್ತಿತ್ತು, ಜನ ಮುಗಿಬಿದ್ದರು. 1973ರಲ್ಲಿ ಆ ಕಾರಿನ ಹಕ್ಕು ಕೇಟರ್‌ಹ್ಯಾಮ್ ಪಾಲಾಯಿತು. 1996ರಲ್ಲಿ ರಾನ್ ಚಾಂಪಿಯನ್ ಎಂಬ ಶಾಲಾ ಮೇಷ್ಟ್ರು ಬರೀ 250 ಪೌಂಡಿನಲ್ಲಿ ಇಂಥದೇ ಕಾರು ಕಟ್ಟುವುದು ಹೇಗೆಂದು ಪುಸ್ತಕ ಬರೆದರು. ಅಲ್ಲಿಂದ ಮುಂದೆ ವೆಲ್ಡಿಂಗ್ ಬಂದವರೆಲ್ಲ ಕೈ ಹಾಕಿದರು. ಒಳಗೆ ಉಕ್ಕಿನ ಕೊಳವೆಗಳ ಚಾಸಿ, ಅದರ ಮೈಗೆ ಅಲ್ಯೂಮಿನಿಯಂ ತಗಡು. ಈ ಕಾರುಗಳ ರಚನೆ ಇಷ್ಟೇ. ಆ ತಗಡಿಗೆ ಬಣ್ಣ ಬಳಿಯದೆ ಹಾಗೇ ಬಿಡುವವರು ಬಹಳ. ಅಲ್ಲಿ ನೆಲೆಸಿದ ನಮ್ಮವರು ಯಾರಾದರೂ ಗ್ಯಾರೇಜಿನಲ್ಲಿ ಇಂಥದ್ದೊಂದು ಶುರುಮಾಡಿದ್ದರೆ, ಅಥವಾ ಇಲ್ಲಿಯ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ಕಾರು ಕಟ್ಟುತ್ತಿದ್ದರೆ, ಮುಂದಿನ ಮಾತುಗಳು ಅವರಿಗೆ.

1. ಫಿನಿಶ್ ಯಾವುದೆಂದು ರಿವೆಟ್ ಹೊಡೆಯುವ ಮೊದಲೇ ತೀರ್ಮಾನಿಸಿ. ಕನ್ನಡಿ ಹೊಳಪೋ, ಗೆರೆ ಎಳೆದ ಮಂದ ಹೊಳಪೋ, ಆನೊಡೈಸಿಂಗೋ, ಬಣ್ಣವೋ? ಆನೊಡೈಸ್ ಮಾಡಿಸುವುದಾದರೆ ತಗಡನ್ನು ಮೊದಲೇ ಬಗ್ಗಿಸಿ, ತೂತು ಕೊರೆದು, ಬಿಡಿಯಾಗಿ ತೊಟ್ಟಿಗೆ ಕಳಿಸಬೇಕು. ಆನೊಡೈಸಿಂಗಿನ ಪದರ ಗಟ್ಟಿ, ಆದರೆ ಪೆಡಸು. ಆಮೇಲೆ ಬಗ್ಗಿಸಿದರೆ ಮಡಿಕೆಯಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಪಾಲಿಶ್ ಕೂಡ ಮೇಜಿನ ಮೇಲೆ ಮಲಗಿಸಿದ ತಗಡಿಗೆ ಸುಲಭ. ಕಾರಿಗೆ ಕೂತ ಮೇಲೆ ಒಂದೊಂದು ರಿವೆಟ್ ತಲೆಯ ಸುತ್ತಲೂ ಮಸಿ ಉಳಿದು ಬೆರಳು ಸೋಲುತ್ತದೆ.

2. ತಗಡನ್ನು ನಂಬರ್ ಕೇಳಿ ಕೊಳ್ಳಿ. 1050 ಎಂದರೆ ಹೆಚ್ಚುಕಡಿಮೆ ಶುದ್ಧ ಅಲ್ಯೂಮಿನಿಯಂ. ಮೆದು, ಚೆನ್ನಾಗಿ ಹೊಳೆಯುತ್ತದೆ, ಮೊಣಕೈ ತಗುಲಿದರೂ ನೆಗ್ಗುತ್ತದೆ. 5251ರಲ್ಲಿ ಮೆಗ್ನೀಸಿಯಂ ಇರುವುದರಿಂದ ಗಟ್ಟಿ, ಉಪ್ಪಿಗೂ ಜಗ್ಗದು. ಕಾರಿನ ಪಕ್ಕೆಗಳಿಗೆ ಇದೇ ಸರಿ. ದಪ್ಪ 1.2 ಮಿ.ಮೀ. ಇದ್ದರೆ ಸಾಕು. ಗುಜರಿಯಲ್ಲಿ ಸಿಕ್ಕಿತೆಂದು ವಿಮಾನದ 2024 ತಗಡು ತರಬೇಡಿ. ಅದರಲ್ಲಿ ತಾಮ್ರವಿದೆ. ಬಲ ಜಾಸ್ತಿ ನಿಜ, ಆದರೆ ಬರಿಮೈಯಲ್ಲಿ ಮಳೆಗೆ ಬಿಟ್ಟರೆ ಬೇಗ ಕೊರೆದುಕೊಳ್ಳುತ್ತದೆ.

3. ತಗಡಿನ ಮೇಲೆ ಅಂಟಿಕೊಂಡು ಬರುವ ಪ್ಲಾಸ್ಟಿಕ್ ಹಾಳೆಯನ್ನು ಕೆಲಸ ಮುಗಿಯುವ ತನಕ ಇಟ್ಟುಕೊಳ್ಳಿ, ಮುಗಿದ ದಿನವೇ ಕಿತ್ತುಬಿಡಿ. ಕಟ್ಟಿದ ಕಾರು ಹಾಳೆ ಸಮೇತ ಬಿಸಿಲಿನಲ್ಲಿ ತಿಂಗಳುಗಟ್ಟಲೆ ನಿಂತರೆ ಅಂಟು ಬೆಂದು ತಗಡಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಉಗುರಗಲ ಉಗುರಗಲ ಕೀಳಬೇಕಾಗುತ್ತದೆ.

4. ಪೆನ್ಸಿಲ್ಲಿನಲ್ಲಿ ಗುರುತು ಹಾಕಬೇಡಿ. ವಿಮಾನದ ತಗಡಿನ ಕೆಲಸದಲ್ಲಿ ಇದು ಮೊದಲ ಪಾಠ. ಪೆನ್ಸಿಲ್ಲಿನ ಗ್ರಾಫೈಟ್ ಒದ್ದೆಯಾದರೆ ಅಲ್ಯೂಮಿನಿಯಂ ಜತೆ ಸೇರಿ ಪುಟ್ಟದೊಂದು ಬ್ಯಾಟರಿಯಾಗುತ್ತದೆ, ಗೆರೆಯುದ್ದಕ್ಕೂ ಲೋಹ ಸವೆಯುತ್ತದೆ. ಮೊಳೆಯಿಂದ ಗೀರುವುದೂ ಬೇಡ. ಗೀರಿದ ಗೆರೆಯ ಮೇಲೇ ಬಗ್ಗಿಸಿದರೆ ಬಿರುಕು ಅಲ್ಲಿಂದಲೇ ಶುರು. ಪ್ಲಾಸ್ಟಿಕ್ ಹಾಳೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆಯಿರಿ.

5. ಉಕ್ಕಿಗೂ ಅಲ್ಯೂಮಿನಿಯಂಗೂ ನೇರ ಮುಟ್ಟಾಗದಂತೆ ನೋಡಿಕೊಳ್ಳಿ. ಇಡೀ ಪಟ್ಟಿಯಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಲಿ. ಅಲ್ಯೂಮಿನಿಯಂ ಗಾಳಿಗೆ ತೆರೆದ ಕ್ಷಣವೇ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಹೊದ್ದುಕೊಳ್ಳುತ್ತದೆ. ಹೊರಮೈಯನ್ನು ಕಾಯಲು ಆ ಪೊರೆಯೇ ಬಹುಪಾಲು ಸಾಕು. ಕೆಡುವುದು ಹಿಂಬದಿಯಲ್ಲಿ, ಚಾಸಿಯ ಕೊಳವೆಗೆ ತಗಡು ಒತ್ತಿಕೊಂಡ ಸಂದಿನಲ್ಲಿ. ಅಲ್ಲಿ ಉಪ್ಪುನೀರು ನಿಂತರೆ ಎರಡು ಲೋಹಗಳ ನಡುವೆ ಕರೆಂಟು ಹರಿಯುತ್ತದೆ, ಸವೆಯುವುದು ಅಲ್ಯೂಮಿನಿಯಂ.

ಸಾಕ್ಷಿ ಬೇಕೆಂದರೆ ಹಳೆಯ ಲ್ಯಾಂಡ್ ರೋವರ್ ನೋಡಿ. 1948ರಲ್ಲಿ, ಯುದ್ಧಾನಂತರದ ಉಕ್ಕಿನ ಅಭಾವದಿಂದಾಗಿ, ಅದರ ಮೈಯನ್ನು ಬರ್ಮಾಬ್ರೈಟ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು. ಅಲ್ಯೂಮಿನಿಯಂಗೆ ತುಕ್ಕಿಲ್ಲ ಎಂದು ನಂಬಿದವರು ಅದರ ಬಾಗಿಲ ಕೆಳ ಅಂಚನ್ನು ಬೆರಳಿನಿಂದ ಒತ್ತಿ ನೋಡಬೇಕು. ಉಕ್ಕಿನ ಚೌಕಟ್ಟಿನ ಮೇಲೆ ತಗಡು ಮಡಿಚಿದ ಜಾಗದಲ್ಲಿ ಬಣ್ಣ ಗುಳ್ಳೆಯೆದ್ದಿರುತ್ತದೆ, ಗುಳ್ಳೆ ಒಡೆದರೆ ಬಿಳಿ ಪುಡಿ ಸುರಿಯುತ್ತದೆ, ಪುಡಿ ಒರೆಸಿದರೆ ಅಲ್ಲಿ ತಗಡೇ ಇರುವುದಿಲ್ಲ.

ಉಪಾಯ ಕಷ್ಟದ್ದಲ್ಲ. ಚಾಸಿಗೆ ಪೌಡರ್ ಕೋಟಿಂಗ್ ಅಥವಾ ಎಪಾಕ್ಸಿ ಬಣ್ಣ ಪೂರ್ತಿ ಮುಗಿದಿರಲಿ. ರಿವೆಟ್ಟಿಗೆ ಕೊರೆದ ತೂತಿನ ಅಂಚಿಗೂ ಬಣ್ಣ ಮುಟ್ಟಿಸಿ, ಏಕೆಂದರೆ ಬಣ್ಣ ಕಿತ್ತ ಉಕ್ಕು ಅಲ್ಲೇ ಇಣುಕುವುದು. ಕೊಳವೆಯ ಉದ್ದಕ್ಕೂ ಸಿಕಾಫ್ಲೆಕ್ಸ್‌ನಂಥ ಪಾಲಿಯುರೆಥೇನ್ ಅಂಟು ಎಳೆದು, ಅದರ ಮೇಲೆ ತಗಡು ಕೂರಿಸಿ. ಅಂಟು ಎಲ್ಲ ಕಡೆಯಿಂದ ಸ್ವಲ್ಪ ಹೊರಗೆ ಉಬ್ಬಿ ಬರಬೇಕು; ಉಬ್ಬದ ಕಡೆ ನೀರು ಹೋಗುತ್ತದೆ ಎಂದೇ ಅರ್ಥ. ಬೋಲ್ಟು ಬಿಚ್ಚಿ ಹಾಕುವ ಜಾಗಕ್ಕೆ ಅಂಟು ಸಲ್ಲದು, ಅಲ್ಲಿ ಡ್ಯುರಲ್ಯಾಕ್ ತರಹದ ಸಂದು ಲೇಪ ಸವರಿ.

6. ರಿವೆಟ್ಟೂ ಅಲ್ಯೂಮಿನಿಯಂದೇ ಇರಲಿ, ತುದಿ ಮುಚ್ಚಿದ್ದಿರಲಿ. ಸಾಮಾನ್ಯ ಪಾಪ್ ರಿವೆಟ್ ಎಳೆದಾಗ ಉಕ್ಕಿನ ಕಡ್ಡಿಯ ತುಂಡೊಂದು ಒಳಗೇ ಉಳಿಯುತ್ತದೆ. ಅದು ತುಕ್ಕು ಹಿಡಿದು, ಮಳೆಯಾದ ಮೇಲೆ ಪ್ರತಿ ರಿವೆಟ್ಟಿನ ಕೆಳಗೂ ಕಂದು ಕಣ್ಣೀರು. ಹಿತ್ತಾಳೆ, ತಾಮ್ರದ ವಾಷರ್ ಹತ್ತಿರಕ್ಕೂ ಬರಬಾರದು. ಸ್ಟೇನ್‌ಲೆಸ್ ಬೋಲ್ಟು ಹಾಕುವುದಾದರೆ ಕೆಳಗೆ ನೈಲಾನ್ ವಾಷರ್ ಇರಲಿ.

7. ಉಕ್ಕಿಗೆ ಬಳಸಿದ ಬ್ರಷ್ಷು, ಅರ, ಗ್ರೈಂಡರ್ ಚಕ್ರ ಅಲ್ಯೂಮಿನಿಯಂಗೆ ಬೇಡ. ಸ್ಟೀಲ್ ವುಲ್ ಅಂತೂ ಖಂಡಿತ ಬೇಡ. ಕಬ್ಬಿಣದ ಕಣಗಳು ಮೆದು ಲೋಹದಲ್ಲಿ ಹೂತುಕೊಂಡು ಮೊದಲ ಮಳೆಗೇ ಚುಕ್ಕೆ ಚುಕ್ಕೆಯಾಗಿ ತುಕ್ಕೇಳುತ್ತವೆ. ಇದು ಅಂದದ ಮಾತಷ್ಟೇ ಅಲ್ಲ. ಅಲ್ಯೂಮಿನಿಯಂ ಪುಡಿಯೂ ತುಕ್ಕಿನ ಪುಡಿಯೂ ಬೆರೆತರೆ ರೈಲು ಹಳಿ ಬೆಸೆಯುವ ಥರ್ಮೈಟ್ ಆಗುತ್ತದೆ. ಬೆಂಚಿನ ಕೆಳಗಿನ ಪುಡಿಯನ್ನು ದಿನಾ ಗುಡಿಸಿ. ಅದಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ, ಒಣ ಮರಳು ಸುರಿಯಿರಿ.

8. ಕನ್ನಡಿ ಹೊಳಪು ಬೇಕಾದರೆ ಮೆಟ್ಟಿಲು ಹಾರಬೇಡಿ. ಗೀರು ಆಳವಿದ್ದರೆ 400ರ ವಾಟರ್ ಪೇಪರ್, ಆಮೇಲೆ 800, ಆಮೇಲೆ 1200. ಒಂದೊಂದು ಪೇಪರಿಗೂ ಉಜ್ಜುವ ದಿಕ್ಕನ್ನು ಅಡ್ಡಡ್ಡ ಬದಲಿಸಿದರೆ ಹಿಂದಿನ ಗೀರು ಪೂರ್ತಿ ಹೋಯಿತೋ ಇಲ್ಲವೋ ಕಣ್ಣಿಗೇ ತಿಳಿಯುತ್ತದೆ. ನೀರಿನ ಬದಲು ತುಸು ಸೀಮೆಎಣ್ಣೆ ಹಾಕಿದರೆ ಪೇಪರ್ ಮೆತ್ತಿಕೊಳ್ಳುವುದಿಲ್ಲ. ಹಳೆಯ ಕೆಲಸಗಾರರ ಪದ್ಧತಿ ಇದು, ಕಿಡಿ ಮಾತ್ರ ದೂರವಿರಲಿ. ಬಳಿಕ ಸೈಸಲ್ ಚಕ್ರ, ಕೊನೆಗೆ ಮೆತ್ತನೆಯ ಹತ್ತಿ ಚಕ್ರ. ಚಕ್ರಕ್ಕೆ ಸವರುವ ಪ್ರತಿ ಪಾಲಿಶ್ ಮಸಾಲೆಗೂ ಚಕ್ರ ಬೇರೆ.

ಆರಂಭದಲ್ಲಿ ತಗಡು ಹೊಳೆಯುವ ಬದಲು ಕಪ್ಪಾಗುತ್ತದೆ, ಬಟ್ಟೆ ಎಣ್ಣೆಮಸಿಯಲ್ಲಿ ಅದ್ದಿದಂತೆ ಬರುತ್ತದೆ. ಕೆಲಸ ಕೆಟ್ಟಿತೆಂದು ಹೆದರಬೇಡಿ, ಲೋಹ ಸವೆಯುತ್ತಿದೆ ಎಂಬುದಕ್ಕೆ ಅದೇ ಗುರುತು. ಆ ಮಸಿ ಒಣಗುವ ಮೊದಲು ಮೈದಾ ಹಿಟ್ಟು ಉದುರಿಸಿ ಒಣ ಬಟ್ಟೆಯಲ್ಲಿ ಒರೆಸಿದರೆ ಎದ್ದು ಬರುತ್ತದೆ. ಚಕ್ರ ತಗಡಿನ ಅಂಚಿನಿಂದ ಆಚೆಗೆ ತಿರುಗುವಂತೆ ಹಿಡಿಯಿರಿ. ಅಂಚಿಗೆ ಎದುರಾಗಿ ತಿರುಗಿದರೆ ತಗಡನ್ನು ಕಸಿದುಕೊಂಡು ಎಸೆಯುತ್ತದೆ. ಸಡಿಲ ಕೈಗವಸು ಬೇಡ.

9. ಸೋಮಾರಿಗಳಿಗೆ ಗೆರೆ ಫಿನಿಶ್ ಮೇಲು. ನಾನು ಈ ಪಕ್ಷದವನು. ಸ್ಕಾಚ್-ಬ್ರೈಟ್ ತುಂಡೊಂದನ್ನು ನೇರ ಮರದ ಪಟ್ಟಿಗೆ ಸುತ್ತಿ, ಕಾರಿನ ಮೂಗಿನಿಂದ ಬಾಲದ ತನಕ ಒಂದೇ ದಿಕ್ಕಿಗೆ ಎಳೆದರೆ ಮುಗಿಯಿತು. ಹಿಂದಕ್ಕೂ ಮುಂದಕ್ಕೂ ತಿಕ್ಕಬೇಡಿ, ಕೈ ತಿರುಗಿದಲ್ಲೆಲ್ಲ ಕೊಕ್ಕೆ ಗೆರೆ ಬೀಳುತ್ತದೆ. ಮುಂದೊಂದು ದಿನ ಗೀರಾದರೆ ಅಷ್ಟು ಜಾಗವನ್ನು ಮತ್ತೆ ಎಳೆದರಾಯಿತು. ಕನ್ನಡಿ ಹೊಳಪಿನಲ್ಲಿ ಇಂಥ ತೇಪೆಗೆ ಜಾಗವಿಲ್ಲ.

10. ಪಾಲಿಶ್ ಮಾಡಿದ ತಗಡಿನ ಮೇಲೆ ಲ್ಯಾಕರ್ ಬಳಿಯಬೇಡಿ. ಆಸೆ ಹುಟ್ಟುವುದು ಸಹಜ: ಒಂದು ಸಲ ಬಳಿದರೆ ಮತ್ತೆ ಉಜ್ಜುವ ಕಾಟವಿಲ್ಲ ಅನಿಸುತ್ತದೆ. ಆದರೆ ನುಣುಪಾದ ಲೋಹಕ್ಕೆ ಲ್ಯಾಕರ್ ಕಚ್ಚುವುದಿಲ್ಲ, ಕಚ್ಚಲೆಂದು ಒರಟು ಮಾಡಿದರೆ ಹೊಳಪು ಹೋಯಿತು. ರಸ್ತೆಯ ಕಲ್ಲೊಂದು ತಗುಲಿ ಸೂಜಿ ಮೊನೆಯಷ್ಟು ತೂತಾದರೂ ಸಾಕು, ನೀರು ಒಳಗೆ ನುಸುಳಿ ಲ್ಯಾಕರಿನ ಅಡಿಯಲ್ಲಿ ದಾರದಂಥ ಬಿಳಿ ಎಳೆಗಳು ಹರಿದಾಡುತ್ತವೆ. ಅಮೆರಿಕದ ಏರ್‌ಸ್ಟ್ರೀಮ್ ಗಾಡಿಮನೆಗಳ ಒಡೆಯರು ಬಲ್ಲರು. ಕಾರ್ಖಾನೆಯವರೇ ಬಳಿದ ಪಾರದರ್ಶಕ ಲೇಪ ಸುಲಿದು ಬಂದು, ಇಡೀ ಗಾಡಿಯನ್ನು ಕೆರೆದು ಪಾಲಿಶ್ ಮಾಡಿದವರು ಅವರಲ್ಲಿ ಬೇಕಾದಷ್ಟಿದ್ದಾರೆ.

ಬಣ್ಣವೇ ಬೇಕೆಂದರೆ ಆ ಮಾತು ಬೇರೆ. ತಗಡನ್ನು ಒರಟು ಮಾಡಿ, ಥಿನ್ನರಿನಿಂದ ಜಿಡ್ಡು ತೆಗೆದು, ಅದೇ ದಿನ ಎಚಿಂಗ್ ಪ್ರೈಮರ್ ಹೊಡೆಯಿರಿ. ಟೂ-ಪ್ಯಾಕ್ ಬಣ್ಣದ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಅದು ಆಸ್ತಮಾ ತರಿಸುತ್ತದೆ. ಹೊರಗಿನ ಗಾಳಿ ಒದಗಿಸುವ ಮುಖವಾಡ ಇಲ್ಲದವರು ಅದನ್ನು ಮುಟ್ಟದೆ ಪೇಂಟರ್ ಹತ್ತಿರ ಹೋಗಲಿ.

11. ಬರಿ ಲೋಹಕ್ಕೆ ಮೇಣ. ಮೈಕ್ರೋಕ್ರಿಸ್ಟಲೈನ್ ಮೇಣವನ್ನು ವಸ್ತುಸಂಗ್ರಹಾಲಯದವರು ಹಳೆಯ ಲೋಹದ ಸಾಮಾನುಗಳಿಗೆ ಹಚ್ಚುತ್ತಾರೆ. ಹೆಸರಾದ ರಿನೈಸಾನ್ಸ್ ಮೇಣ ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ತೆಳ್ಳಗೆ ಹಚ್ಚಿ, ತಿಕ್ಕಿ, ಮತ್ತೊಂದು ಕೈ ಹಚ್ಚಿ. ನೀರಿನ ಹನಿ ಮಣಿಯಾಗಿ ನಿಲ್ಲದೆ ಹರಡತೊಡಗಿದರೆ ಮೇಣದ ಕಾಲ ಮುಗಿಯಿತು. ತಳದ ತಗಡಿಗೆ, ಚಕ್ರದ ಗೂಡಿನ ಒಳಮೈಗೆ ಮೇಣ ಸಾಲದು. ಅಲ್ಲಿಗೆ ವಿಮಾನದವರು ಬಳಸುವ ತುಕ್ಕುನಿರೋಧಕ ಎಸಿಎಫ್-50 ಸಿಂಪಡಿಸಿ. ಅದು ಜಿಗುಟು, ಧೂಳು ಹಿಡಿಯುತ್ತದೆ; ಕಾಣದ ಜಾಗಕ್ಕೆ ಅಡ್ಡಿಯಿಲ್ಲ. ಹಿಂದಿನ ಚಕ್ರದ ಎದುರಿಗೆ ಬರುವ ಜಾಗಕ್ಕೆ ಕಲ್ಲೇಟು ತಡೆಯುವ ಪಾರದರ್ಶಕ ಪಾಲಿಯುರೆಥೇನ್ ಹಾಳೆ ಅಂಟಿಸಿ. ಸೆವೆನ್ ಮಾದರಿಯ ಕಾರುಗಳಲ್ಲಿ ಸೈಲೆನ್ಸರ್ ಪಕ್ಕೆಯಲ್ಲೇ ಹಾಯುವುದರಿಂದ ಅದರ ಬಿಸಿ ತಟ್ಟುವ ಕಡೆ ಆ ಹಾಳೆ ಬೇಡ.

12. ತೊಳೆಯುವ ಸೋಪು ನೋಡಿ ಆರಿಸಿ. ಅಲ್ಯೂಮಿನಿಯಂಗೆ ಆಮ್ಲವೂ ಆಗದು, ಕ್ಷಾರವೂ ಆಗದು. ಪಿಎಚ್ ಸುಮಾರು 4ರಿಂದ 8.5ರೊಳಗೆ ಇದ್ದರೆ ಪೊರೆ ಕ್ಷೇಮ. ಗಡಸು ನೀರು ಕುದಿದು ಕುದಿದು ಇಡ್ಲಿ ಪಾತ್ರೆಯ ಒಳಗು ಕಪ್ಪಾಗುವುದು ಕ್ಷಾರದ ಕೆಲಸವೇ. ಲಾರಿ ತೊಳೆಯುವ ಕಡೆ ಹೊಡೆಯುವ ನೊರೆಯಲ್ಲಿ ಕಾಸ್ಟಿಕ್ ಇರುತ್ತದೆ, ಚಕ್ರ ತೊಳೆಯುವ ಕೆಲವು ದ್ರಾವಣಗಳಲ್ಲಿ ಆಮ್ಲ ಇರುತ್ತದೆ. ಎರಡೂ ಒಂದೇ ನಿಮಿಷದಲ್ಲಿ ಬೂದು ಕಲೆ ಮಾಡುತ್ತವೆ. ಹಸಿ ಸಿಮೆಂಟ್ ಹನಿ ಬಿದ್ದರೂ ಅದೇ ಗತಿ. ಇಂಗ್ಲೆಂಡಿನಲ್ಲಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ತಿಂಗಳುಗಳಲ್ಲಿ ಕಾರು ಹೊರಗೆ ಹೋಗಿ ಬಂದ ದಿನವೇ ತಳಕ್ಕೆ ಬರೀ ತಣ್ಣೀರು ಹಾಯಿಸಿ. ಮಂಗಳೂರು, ಕಾರವಾರದ ಕಡಲ ಗಾಳಿಗೆ ಈ ನಿಯಮ ವರ್ಷವಿಡೀ.

13. ಅದೇ ತಗಡಿನ ಅಂಗೈಯಗಲದ ತುಂಡೊಂದನ್ನು ಎಸೆಯದೆ ಇಟ್ಟುಕೊಳ್ಳಿ. ಕಾರಿಗೆ ಮಾಡಿದ ಫಿನಿಶನ್ನೇ ಅದಕ್ಕೂ ಮಾಡಿ, ಎರಡು ರಿವೆಟ್ ಹೊಡೆದು, ಗ್ಯಾರೇಜಿನ ಹೊರಗೋಡೆಗೆ ಮಳೆ ಬೀಳುವ ಕಡೆ ನೇತುಹಾಕಿ. ಹೊಸ ಪಾಲಿಶ್, ಹೊಸ ಸೋಪು, ಗೆಳೆಯ ಕೊಟ್ಟ ಯಾವುದೋ ಡಬ್ಬಿ, ಏನೇ ಬಂದರೂ ಮೊದಲು ಅದರ ಮೇಲೆ ಹಚ್ಚಿ, ಒಂದು ವಾರ ಬಿಟ್ಟು ನೋಡಿ.