ವಿಂಡೋಸೋ ಲಿನಕ್ಸೋ? ಮೊದಲು ನುಡಿ ಅಕ್ಷರಗಳ ಗತಿ ನೋಡಿ

ಪ್ರಶ್ನೆ: ನಾನು ನೌಕರರ ಪತ್ತಿನ ಸಹಕಾರ ಸಂಘವೊಂದರ ಕಾರ್ಯದರ್ಶಿ. ನಮ್ಮ ಲೆಕ್ಕಪತ್ರದ ಸಾಫ್ಟ್‌ವೇರನ್ನು ಇಪ್ಪತ್ತು ವರ್ಷದ ಹಿಂದೆ ವಿಬಿ 6 ಮತ್ತು ಎಂಎಸ್ ಆಕ್ಸೆಸ್‌ನಲ್ಲಿ ಬರೆಸಿದ್ದು. ಸದಸ್ಯರ ಹೆಸರು, ವಿಳಾಸವೆಲ್ಲ ನುಡಿ ಫಾಂಟಿನಲ್ಲಿವೆ. ವಿಂಡೋಸ್ 7ರ ಹಳೇ ಯಂತ್ರಗಳನ್ನು ಈಗ ಬದಲಿಸಬೇಕು. ಉಬುಂಟು ಹಾಕಿಸಿ ಲೈಸೆನ್ಸ್ ಹಣ ಉಳಿಸೋಣ ಎನ್ನುತ್ತಾರೆ ಒಬ್ಬ ನಿರ್ದೇಶಕರು. ವಿಂಡೋಸ್ 11 ಬಿಟ್ಟು ಬೇರೆ ಮಾತೇ ಬೇಡ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಎರಡನೆಯವರದು. ಆದರೆ ಅವರು ಗೆದ್ದೆನೆಂದು ಬೀಗುವಂತಿಲ್ಲ.

ವಿಬಿ 6 ಬಂದದ್ದು 1998ರಲ್ಲಿ. ಅದರಲ್ಲಿ ಪ್ರೋಗ್ರಾಂ ಬರೆಯುವ ಸಾಧನಕ್ಕೆ ಮೈಕ್ರೋಸಾಫ್ಟ್ 2008ರಲ್ಲೇ ಬೆಂಬಲ ನಿಲ್ಲಿಸಿತು. ಬರೆದಿಟ್ಟ ಪ್ರೋಗ್ರಾಂ ಓಡಲು ಬೇಕಾದ ರನ್‌ಟೈಮ್ ಮಾತ್ರ ಇಂದಿಗೂ ವಿಂಡೋಸ್ 11ರ ಜೊತೆಗೇ ಬರುತ್ತದೆ. ಹಾಗಾಗಿ ನಿಮ್ಮ ಸಾಫ್ಟ್‌ವೇರ್ ಅಲ್ಲಿ ನಡೆಯುವ ಸಂಭವ ಹೆಚ್ಚು. ತೊಡಕಾದರೆ ಅದು ಪಟ್ಟಿ, ವರದಿ ತೋರಿಸಲು ಅಂದಿನವರು ಬಳಸಿದ ಓಸಿಎಕ್ಸ್ ಕಡತಗಳಿಂದ. ಮೂಲ ಸೆಟಪ್ ಸಿಡಿ ಯಾವ ಬೀರುವಿನಲ್ಲಿದೆ ಎಂದು ಇವತ್ತೇ ಹುಡುಕಿಸಿ. ಅಗ್ಗಕ್ಕೆ ಸಿಗುತ್ತದೆಂದು ವಿಂಡೋಸ್ 10ರ ಯಂತ್ರ ಕೊಳ್ಳಬೇಡಿ. ಅದರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಉಬುಂಟುವಿನಲ್ಲಿ ವೈನ್ ಎಂಬ ತಂತ್ರಾಂಶದ ನೆರವಿನಿಂದ ವಿಂಡೋಸ್ ಪ್ರೋಗ್ರಾಂಗಳನ್ನು ಓಡಿಸಬಹುದು. 1993ರಿಂದ ಬೆಳೆದುಬಂದ ಯೋಜನೆ, ಒಳ್ಳೆಯ ಕೆಲಸವೇ. ಆದರೆ ಲಾಗಿನ್ ಪರದೆ ಮೂಡುವುದು ಬೇರೆ, ಸಂಜೆ ನಗದು ಪುಸ್ತಕ ತಾಳೆಯಾಗಿ ಪಾಸ್‌ಬುಕ್ಕಿನಲ್ಲಿ ಸರಿಯಾದ ಗೆರೆಯ ಮೇಲೆ ಅಚ್ಚು ಬೀಳುವುದು ಬೇರೆ. ವೈನ್ ಬೇಡವೆಂದರೆ ಇಡೀ ಸಾಫ್ಟ್‌ವೇರನ್ನು ಹೊಸದಾಗಿ ಬರೆಸಬೇಕು. ಆ ಖರ್ಚಿನ ಮುಂದೆ ನಾಲ್ಕಾರು ಲೈಸೆನ್ಸುಗಳ ಬೆಲೆ ಏನೂ ಅಲ್ಲ.

ಇನ್ನು ನಿಮ್ಮಿಬ್ಬರು ನಿರ್ದೇಶಕರೂ ಎತ್ತದ ವಿಷಯ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಿಸಿದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಏರ್ಪಾಡು ಅದು. ಫಾಂಟ್ ತೆಗೆದರೆ ‘ಕನ್ನಡ’ ಎಂಬ ಪದದ ನಡುವೆ ಪೌಂಡ್ ಚಿಹ್ನೆ ಇಣುಕುತ್ತದೆ. ಇದನ್ನು ಲಿನಕ್ಸಿಗೆ ಒಯ್ದರೂ ಹೊಸ ವಿಂಡೋಸಿಗೆ ಒಯ್ದರೂ ರೋಗ ಜೊತೆಗೇ ಬರುತ್ತದೆ: ಹುಡುಕಾಟ ಕೈಕೊಡುತ್ತದೆ, ಅಕಾರಾದಿ ನೆಟ್ಟಗೆ ಬರುವುದಿಲ್ಲ, ಸದಸ್ಯರ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಹೋಗುವುದಿಲ್ಲ. ಯೂನಿಕೋಡಿಗೆ ಬದಲಿಸಲೇಬೇಕು.

ಬದಲಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ, ಆದರೆ ಗುಂಡಿ ಒತ್ತಿ ಎದ್ದು ಹೋಗುವ ಕೆಲಸವಲ್ಲ. ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ. ಯೂನಿಕೋಡಿನಲ್ಲಿ ಆ ರಕಾರ ಮೊದಲೇ ಬರಬೇಕು. ಪರಿವರ್ತಕ ಇಲ್ಲಿ ಎಡವಿದರೆ ಶರ್ಮ, ಕುಲಕರ್ಣಿ, ವರ್ಧಮಾನರ ಖಾತೆಗಳೆಲ್ಲ ಹೆಸರುಗೆಡುತ್ತವೆ. ಅದಕ್ಕಿಂತ ಕಾಡುವುದು ಬೆರಕೆ ಕಾಲಂಗಳು. ವಿಳಾಸದಲ್ಲಿ ಯಾರೋ ‘ಫಸ್ಟ್ ಕ್ರಾಸ್’ ಎಂದು ಇಂಗ್ಲಿಷ್ ಅಕ್ಷರದಲ್ಲೇ ಹೊಡೆದಿದ್ದರೆ, ಪರಿವರ್ತಕ ಅದನ್ನೂ ನುಡಿ ಎಂದೇ ಓದಿ ಅರ್ಥವಿಲ್ಲದ ಕನ್ನಡ ಉಗುಳುತ್ತದೆ. ಅಲ್ಲಿ ಮನುಷ್ಯರ ಕಣ್ಣೇ ಬೇಕು. ಬಹುಶಃ ನಿಮ್ಮ ಹಳೇ ಗುಮಾಸ್ತರದು. ಸದಸ್ಯರ ಹೆಸರುಗಳನ್ನು ಅವರಷ್ಟು ಬಲ್ಲವರು ಇನ್ಯಾರಿದ್ದಾರೆ?

ಹೆಸರುಗಳು ಯೂನಿಕೋಡಿಗೆ ಬಂದ ಮೇಲೆ ಲೆಕ್ಕವನ್ನು ಆಕ್ಸೆಸ್‌ನಿಂದ ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸಿಗೆ ಸಾಗಿಸಿ, ಪರದೆಗಳನ್ನು ಬ್ರೌಸರಿನಲ್ಲಿ ತೆರೆಯುವಂತೆ ಬರೆಸಿ. ವಿಬಿ 6ರ ಪರದೆಗಳು ಯೂನಿಕೋಡನ್ನು ನೇರವಾಗಿ ತೋರಿಸಲಾರವು, ಆದ್ದರಿಂದ ಈ ಎರಡು ಕೆಲಸ ಒಟ್ಟಿಗೇ ಆಗಬೇಕು. ಆಗ ಸರ್ವರಿಗೆ ಲಿನಕ್ಸ್ ಧಾರಾಳವಾಗಿ ಸಾಕು, ಕೌಂಟರಿನ ಯಂತ್ರದಲ್ಲಿ ಏನಿದ್ದರೂ ನಡೆದೀತು. ಪಾಸ್‌ಬುಕ್ ಪ್ರಿಂಟರ್ ಇರುವ ಒಂದನ್ನು ಮಾತ್ರ ವಿಂಡೋಸಿನಲ್ಲೇ ಬಿಡಿ. ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಕನ್ನಡ ಚಿತ್ರದ ರೂಪದಲ್ಲಿ ಮುದ್ರಣವಾಗುತ್ತದೆ. ಡ್ರೈವರ್ ಬದಲಾದರೆ ಗೆರೆ ತಪ್ಪುವ ಭಯವಿದೆ.

ನಿಮ್ಮ ಉಬುಂಟು ಪ್ರಿಯ ನಿರ್ದೇಶಕರಿಗೆ ಮ್ಯೂನಿಕ್ ನಗರಾಡಳಿತದ ಕಥೆ ಹೇಳಿ. 2003ರಲ್ಲಿ ಲಿನಕ್ಸಿಗೆ ಹೋಗಲು ನಿರ್ಧರಿಸಿ, 2013ರ ಹೊತ್ತಿಗೆ ಸುಮಾರು 15,000 ಯಂತ್ರಗಳನ್ನು ಬದಲಿಸಿದವರು, 2017ರಲ್ಲಿ ವಿಂಡೋಸಿಗೆ ಮರಳಲು ತೀರ್ಮಾನಿಸಿದರು. ರಾಜಕೀಯವೂ ಇತ್ತೆನ್ನಿ, ಆದರೆ ವಿಂಡೋಸಿಗಷ್ಟೇ ಬರೆದ ಇಲಾಖಾ ತಂತ್ರಾಂಶಗಳ ಕಾಟ ಕೊನೆಯವರೆಗೂ ತಪ್ಪಲಿಲ್ಲ.

ಸರ್ವರಿಗೆ ಯಾವ ಲಿನಕ್ಸ್ ಎಂದರೆ, ಎಷ್ಟು ವರ್ಷ ಬೆಂಬಲವಿದೆ, ನಿಮ್ಮೂರಲ್ಲಿ ಅದನ್ನು ಬಲ್ಲವರು ಯಾರಿದ್ದಾರೆ ಎಂಬ ಎರಡನ್ನೇ ಕೇಳಿ. ಸೆಂಟ್ಓಎಸ್ 8ಕ್ಕೆ 2029ರವರೆಗೆ ಬೆಂಬಲವಿದೆಯೆಂದು ನಂಬಿದ್ದವರಿಗೆ, ಅದು 2021ರ ಕೊನೆಗೇ ಮುಗಿಯುತ್ತದೆಂದು 2020ರ ಡಿಸೆಂಬರಿನಲ್ಲಿ ತಿಳಿಯಿತು. ನನ್ನ ಆಯ್ಕೆ ಡೆಬಿಯನ್.

ಒಂದು ಮಾತು ಅವಸರದ್ದು: ಮಾರ್ಚ್ ಲೆಕ್ಕ ಮುಗಿಯುವ ತನಕ ಹಳೆಯದನ್ನು ಮುಟ್ಟಬೇಡಿ. ಏಪ್ರಿಲ್ 1ರಿಂದ ಎರಡನ್ನೂ ಜೊತೆಯಾಗಿ ನಡೆಸಿ, ಮೂರು ತಿಂಗಳ ಶಿಲ್ಕು ಪೈಸೆ ಬಿಡದೆ ತಾಳೆಯಾದ ಮೇಲೆ ಹಳೇ ಯಂತ್ರದ ಇಂಟರ್ನೆಟ್ ತಂತಿ ಕಿತ್ತು, ಆಡಿಟ್ ಮುಗಿಯುವವರೆಗೆ ಹಾಗೇ ಇಟ್ಟುಕೊಳ್ಳಿ.