ಅಜ್ಜಿಯ ಕತ್ತು, ಮೊಮ್ಮಗನ ಹಲ್ಲು

‘ಅಮ್ಮನಿಗೆ ಕತ್ತು ನೋವು. ಬೆಂಗಳೂರಿನಲ್ಲಿ ಲಟಕ್ ಅಂತ ತಿರುಗಿಸಿ ಸರಿ ಮಾಡ್ತಾರಂತಲ್ಲ, ಕರ್ಕೊಂಡು ಹೋಗ್ಲಾ?’ ಕೋಲಾರದ ಕಡೆ ಈಚೆಗೆ ಈ ಪ್ರಶ್ನೆ ಹೆಚ್ಚಾಗಿದೆ. ಮೊಬೈಲಿನ ವಿಡಿಯೋಗಳ ಪ್ರಭಾವ. ಈ ಪದ್ಧತಿಯ ಹೆಸರು ಕೈರೊಪ್ರಾಕ್ಟಿಕ್. 1895ರಲ್ಲಿ ಅಮೆರಿಕದ ಡೇನಿಯಲ್ ಡೇವಿಡ್ ಪಾಮರ್ ಇದನ್ನು ಶುರುಮಾಡಿದರು.

ಅರವತ್ತು ದಾಟಿದವರ ಕತ್ತಿನ ಎಕ್ಸ್‌ರೇ ತೆಗೆದರೆ ಸವಕಳಿ ಕಾಣುವುದು ಸಾಮಾನ್ಯ. ಮಾಲೂರಿನಲ್ಲಿ ಇಟ್ಟಿಗೆ, ಮುಳಬಾಗಿಲಿನಲ್ಲಿ ಟೊಮೆಟೊ, ಶ್ರೀನಿವಾಸಪುರದಲ್ಲಿ ಮಾವಿನಕಾಯಿ ತಲೆಮೇಲೆ ಹೊತ್ತವರಿಗೆ ಅದು ಬೇಗ ಬಂದರೆ ಆಶ್ಚರ್ಯವಿಲ್ಲ. ಬಿಸಿ ಶಾಖ, ದಿನವೂ ಮೆಲ್ಲಗೆ ಮಾಡುವ ಕತ್ತಿನ ವ್ಯಾಯಾಮ, ತೆಳ್ಳನೆಯ ದಿಂಬು, ನೋವು ಜಾಸ್ತಿಯಾದಾಗ ವೈದ್ಯರು ಬರೆದುಕೊಟ್ಟ ಮಾತ್ರೆ: ಹೆಚ್ಚಿನವರು ಇಷ್ಟರಲ್ಲೇ ಸುಧಾರಿಸುತ್ತಾರೆ. ಕತ್ತು ತಿರುಗಿಸಿಕೊಂಡಾಗ ಕೆಲವರಿಗೆ ಸ್ವಲ್ಪ ದಿನ ಹಗುರ ಅನ್ನಿಸುವುದು ನಿಜ. ಆದರೆ ‘ಲಟಕ್’ ಎಂದದ್ದು ಕೀಲಿನೊಳಗಿನ ಗಾಳಿಗುಳ್ಳೆಯ ಸದ್ದು. ಸವೆದ ಮೂಳೆ ಅದರಿಂದ ಮತ್ತೆ ಬೆಳೆಯುವುದಿಲ್ಲ.

ಮೂಳೆ ಟೊಳ್ಳಾದವರು, ರುಮಟಾಯ್ಡ್ ಸಂಧಿವಾತ ಇರುವವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಕತ್ತನ್ನು ಯಾರ ಕೈಗೂ ರಭಸದ ತಿರುವಿಗೆ ಕೊಡಬಾರದು. ಕ್ಲಿನಿಕ್ ಆಗಲಿ, ಕಟಿಂಗ್ ಶಾಪ್ ಆಗಲಿ, ಅಪಾಯ ಒಂದೇ. ಬಳ್ಳಾರಿಯಲ್ಲಿ ಕ್ಷೌರದ ನಂತರ ಕತ್ತು ತಿರುಚಿಸಿಕೊಂಡ ಮೂವತ್ತರ ಯುವಕನೊಬ್ಬನಿಗೆ ರಕ್ತನಾಳ ಸೀಳಿ ಪಾರ್ಶ್ವವಾಯು ಆದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಇಂಥದ್ದು ಅಪರೂಪ, ಒಪ್ಪುತ್ತೇನೆ. ಆದರೂ ವಿಡಿಯೋ ನೋಡಿ ಮಕ್ಕಳು ಒಬ್ಬರ ಕತ್ತು ಒಬ್ಬರು ತಿರುವುವ ಆಟ ಆಡುತ್ತಿದ್ದರೆ ಇವತ್ತೇ ಬಿಡಿಸಿ.

ನಮ್ಮ ಜಿಲ್ಲೆಯಲ್ಲಿ ಇನ್ನೂ ಒಂದು ಸಂಗತಿ ಇದೆ. ಇಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿಂದ ಬರುವ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಬೆನ್ನುಮೂಳೆಯ ಅಕ್ಕಪಕ್ಕದ ಕಟ್ಟುನಾರುಗಳು ಮೂಳೆಯಂತೆ ಗಟ್ಟಿಯಾಗುತ್ತವೆ, ಬೆನ್ನುಹುರಿ ಹಾಯುವ ನಾಳ ಕಿರಿದಾಗುತ್ತದೆ. ಹೊರಗಿನಿಂದ ನೋಡಿದರೆ ಇದೂ ವಯಸ್ಸಿನ ಕತ್ತು ನೋವಿನ ಹಾಗೆಯೇ. ಇಂಥ ಕತ್ತನ್ನು ರಭಸದಿಂದ ತಿರುಗಿಸಿದರೆ ಬೆನ್ನುಹುರಿಗೇ ಪೆಟ್ಟು ಬೀಳಬಹುದು.

ಹೀಗಾಗಿದೆಯೇ ಎಂದು ಮನೆಯಲ್ಲೇ ನೋಡಲು ಹಿರಿಯರಿಗೆ ಗದ್ದವನ್ನು ಎದೆಗೆ ತಾಗಿಸಲು ಹೇಳಿ. ಎರಡೂ ಕೈ ಎತ್ತಿ ತಲೆಯ ಹಿಂಭಾಗ ಮುಟ್ಟಲು ಹೇಳಿ. ಮಂಡಿ ಮಡಚದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತಿಕೊಳ್ಳಲಿ. ಫ್ಲೋರೈಡ್‌ನಿಂದ ಬರುವ ಈ ಕಾಯಿಲೆಯ, ಅಂದರೆ ಫ್ಲೋರೋಸಿಸ್‌ನ ಅನುಮಾನ ಬಂದಾಗ ಆರೋಗ್ಯ ಕಾರ್ಯಕರ್ತರು ಮಾಡಿಸುವ ಪರೀಕ್ಷೆಯೂ ಇದೇ. ಬಲವಂತ ಮಾತ್ರ ಬೇಡ. ಆಗದಿದ್ದರೆ ಫ್ಲೋರೋಸಿಸ್ಸೇ ಎಂದು ತೀರ್ಮಾನಿಸಬೇಕಿಲ್ಲ. ಡಾಕ್ಟರಿಗೆ ತೋರಿಸಿ ಎಕ್ಸ್‌ರೇ ಮಾಡಿಸಿ.

ಆಮೇಲೆ ಅದೇ ನೀರು ಕುಡಿಯುವ ಮಗುವಿನ ಬಾಯಿ ತೆರೆಸಿ. ಮುಂದಿನ ಶಾಶ್ವತ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಅಥವಾ ಕಂದು ಗೆರೆಗಳು ಅಡ್ಡಡ್ಡ ಇವೆಯೇ? ಉಜ್ಜಿದರೆ ಹೋಗುವ ಕಲೆ ಅದಲ್ಲ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ, ಸುಮಾರು ಎಂಟು ವರ್ಷದೊಳಗೆ ಫ್ಲೋರೈಡ್‌ನಿಂದ ಆದದ್ದಿರಬಹುದು. ಆ ಗೆರೆ ಕಂಡರೆ ಅಜ್ಜಿಯ ಡಾಕ್ಟರಿಗೂ ಹೇಳಿ, ಅವರಿಗೆ ಅದು ದೊಡ್ಡ ಸುಳಿವು.

ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ದಟ್ಟವಾಗುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಅದು ಜಗ್ಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವವರು ಅದನ್ನು ಕುಡಿಯಲು ಇಟ್ಟುಕೊಂಡು, ಮುದ್ದೆಗೂ ಸಾರಿಗೂ ಬೋರಿನ ನೀರೇ ಸುರಿಯುತ್ತಾರೆ. ಅಡುಗೆಗೂ ಒಳ್ಳೆಯ ನೀರೇ ಬೇಕು. ಹಾಲು, ರಾಗಿ, ನುಗ್ಗೆಸೊಪ್ಪಿನ ಸುಣ್ಣದಂಶ ಮಕ್ಕಳಿಗೂ ಹಿರಿಯರಿಗೂ ಒಳ್ಳೆಯದು.

ಅಜ್ಜಿಗೆ ರವಿಕೆಯ ಹುಕ್ಕು ಹಾಕಲು ಬೆರಳು ಬಾರದಿದ್ದರೆ, ನಡಿಗೆ ತಡವರಿಸುತ್ತಿದ್ದರೆ, ಮೂತ್ರ ಹಿಡಿತ ತಪ್ಪಿದರೆ ಮಾಲೀಶು, ಕಟ್ಟು, ತಿರುವು ಯಾವುದೂ ಬೇಡ. ಅಂದೇ ಕೋಲಾರದ ಜಿಲ್ಲಾ ಆಸ್ಪತ್ರೆಗೋ ಟಮಕದ ಆಸ್ಪತ್ರೆಗೋ ಕರೆದೊಯ್ಯಿರಿ. ಅಂಥದ್ದೇನೂ ಇಲ್ಲದಿದ್ದರೆ ಅವಸರವಿಲ್ಲ. ಈ ವಾರ ಮನೆಯ ಬೋರಿನ ನೀರನ್ನು ಒಂದು ಶುಭ್ರವಾದ ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕೊಡಿ. ಎಲ್ಲಿ ಕೊಡಬೇಕೆಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ಹೇಳುತ್ತಾರೆ.