ಪಹಣಿಯ ಅಂಕಿ: ಗಣಕಭಾಷೆಗಳಲ್ಲಿ ಚರಾಂಶ ಮತ್ತು ದತ್ತಾಂಶ ಪ್ರಕಾರ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಪಹಣಿಗಳಲ್ಲಿ ‘45/2’ ಎಂಬಂಥ ನಮೂದು ಸರ್ವೆ ನಂಬರು ಹಾಗೂ ಹಿಸ್ಸೆಯನ್ನು ಸೂಚಿಸುತ್ತದೆ. ರೂಪದಲ್ಲಿ ಅಂಕಿಯಾದರೂ ಅರ್ಥದಲ್ಲಿ ಅದು ಜಮೀನಿನ ಹೆಸರು. ಗಣಕಭಾಷೆಗಳಿಗೆ ಈ ಭೇದ ತಾನಾಗಿ ತಿಳಿಯದು. ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಸಿ ಭಾಷೆಯು ಪೂರ್ಣಾಂಕಗಳ ಭಾಗಾಕಾರವೆಂದು ಬಗೆದು 22 ಎನ್ನುತ್ತದೆ. ಪೈಥಾನ್ 3 ಮತ್ತು ಜಾವಾಸ್ಕ್ರಿಪ್ಟ್ 22.5 ಎನ್ನುತ್ತವೆ.

ಸಿಯಲ್ಲಿ ಚರಾಂಶದ ಪ್ರಕಾರವನ್ನು ಮೊದಲೇ ಘೋಷಿಸಬೇಕು. ಪೈಥಾನಿನಲ್ಲಿ ಪ್ರಕಾರವು ಹೆಸರಿಗಲ್ಲ, ಮೌಲ್ಯಕ್ಕೆ ಸೇರಿದುದು. ಆದರೂ ಪಠ್ಯಕ್ಕೆ ಸಂಖ್ಯೆಯನ್ನು ಕೂಡಿಸಹೊರಟರೆ ಅದು ದೋಷ ತೋರಿಸಿ ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್ ಮಾತ್ರ ಉದಾರಿ: ಪಠ್ಯರೂಪದ ‘45’ಕ್ಕೆ 1 ಕೂಡಿಸಿದರೆ ‘451’ ಎನ್ನುತ್ತದೆ. ಅದು ಅದೇ ಊರಿನ ಬೇರೊಬ್ಬರ ಹೊಲವಾಗಿರಬಹುದು!

ವಿಸ್ತೀರ್ಣದ ತೊಡಕು ಇನ್ನೂ ಸೂಕ್ಷ್ಮವಾದುದು. ಎಕರೆಗೆ 40 ಗುಂಟೆ, ‘2.30’ ಎಂದರೆ 2 ಎಕರೆ 30 ಗುಂಟೆ. ಇದಕ್ಕೆ ‘1.20’ ಸೇರಿದರೆ 4 ಎಕರೆ 10 ಗುಂಟೆಯಾಗಬೇಕು. ದಶಮಾಂಶ ಪ್ರಕಾರದಲ್ಲಿ ಬರುವುದು 3.5, ಅದನ್ನು ಮೂರೂವರೆ ಎಕರೆಯೆಂದು ಓದಿದರೆ ರೈತನ 30 ಗುಂಟೆ ಕಾಣೆಯಾಗುತ್ತದೆ. ಇಲ್ಲಿ ಯಾವ ಭಾಷೆಯೂ ದೋಷ ತೋರಿಸುವುದಿಲ್ಲ. ಆದುದರಿಂದ ಎರಡನ್ನೂ 110 ಮತ್ತು 60 ಗುಂಟೆಗಳಾಗಿ, ಪೂರ್ಣಾಂಕ ಪ್ರಕಾರದಲ್ಲಿ ಇರಿಸಿ ಕೂಡಿ, ಮುದ್ರಿಸುವಾಗಷ್ಟೇ ಎಕರೆಗೆ ಮರಳಿಸುವುದು ಯುಕ್ತ. ಗುಂಟೆಗೆ 16 ಆಣೆಯ ಲೆಕ್ಕವಿರುವಲ್ಲಿ ಆಣೆಯವರೆಗೂ ಇಳಿಯಬೇಕು.